ಪಿನ್ನು ಹಾಕಿದ ಚಪ್ಪಲಿ

ತೊರವಿ
ಬುಧವಾರ, ೧೨ ಫೆಬ್ರವರಿ ೨೦೨೫

ಪ್ರೀತಿಯ ಮಿನಾಜ,

ಎಷ್ಟೋ ದಿನದ ಮೇಲೆ ಈ ಅಕ್ಷರ ನೋಡುತ್ತಿದ್ದೀ, ಗುರುತು ಹತ್ತಿತೋ ಇಲ್ಲವೋ. ನಾನು ನೇತ್ರಾ. ಇದು ಫೋನಿನಲ್ಲಿ ಹೇಳುವ ಮಾತಲ್ಲ. ನನ್ನ ಫೋನು ಮನೆಯಲ್ಲಿ ಎಲ್ಲರ ಕೈಗೂ ಹೋಗುತ್ತದೆ. ನಿನ್ನ ಖಾಲಾ ಮಾಬುಬಿ ನಾಳೆ ನಿನ್ನ ತಮ್ಮನ ಮದುವೆಗೆ ಸೋಲಾಪುರಕ್ಕೆ ಹೊರಟಿದ್ದಾರೆ, ಅವರ ಕೈಯಲ್ಲಿ ಕೊಡುತ್ತೇನೆ. ಓದಿದ ಮೇಲೆ ಒಲೆಗೆ ಹಾಕು.

ನನಗೊಬ್ಬ ಮಗಳು ಹುಟ್ಟಿದ್ದಾಳೆ. ಈಗ ಹಲ್ಲು ಬರುತ್ತಿವೆ, ಅವಳೂ ಮಲಗುವುದಿಲ್ಲ, ನನ್ನನ್ನೂ ಮಲಗಗೊಡುವುದಿಲ್ಲ. ಮಲಗಿದಾಗ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಮೂಗಿನ ಕೆಳಗೆ ಬೆರಳು ಹಿಡಿದು ಕೂಡುತ್ತೇನೆ. ಬಬಲೇಶ್ವರದ ಗಂಡನ ಮನೆಯಲ್ಲಿ ಮಾತಿಗೇನೂ ಕೊರತೆ ಇಲ್ಲ: ಮಗು ಉಂಡಿತೇ, ಎಷ್ಟು ಉಂಡಿತು. ನಾನು ಬಿ.ಎ. ಓದಿದವಳು, ನಿನ್ನ ಚಿತ್ರಗಳ ಕೆಳಗೆ ಸಾಲು ಬರೆದು ಇಡೀ ಕಾಲೇಜನ್ನು ನಗಿಸಿದವಳು ಎಂಬುದು ಅಲ್ಲಿ ಯಾರಿಗೂ ಬೇಕಾಗಿಲ್ಲ. ನನಗೂ ಮರೆಯುತ್ತಾ ಬಂದಿತ್ತು.

ಸೋಮವಾರದ ತನಕ.

ನಮ್ಮವರದು ಫ್ಲೆಕ್ಸ್ ಅಂಗಡಿ, ಗೊತ್ತಲ್ಲ. ನಮ್ಮ ಭಾಗದ ಲೀಡರ್ ಸಾಹೇಬರ ಹುಟ್ಟುಹಬ್ಬದ ಬ್ಯಾನರ್‌ಗಳೆಲ್ಲ ಆಗುವುದು ಇಲ್ಲೇ. ನಡುವೆ ಸಾಹೇಬರು, ಕೆಳಗೆ ‘ಶುಭ ಕೋರುವವರು’ ಎಂದು ಸಾಲಾಗಿ ಹಿಂಬಾಲಕರ ಮುಖಗಳು. ಯಾರ ಮುಖ ದೊಡ್ಡದು, ಯಾರದು ಸಣ್ಣದು ಎಂದು ದಿನಾ ಜಗಳ. ಸೋಮವಾರ ಸಾಹೇಬರ ಬಲಗೈ ಹಣಮಂತರಾಯ ಟಿಕೋಟಾದಿಂದಲೇ ಫೋನು ಮಾಡಿ, “ಲೇ ಸಂಗು, ಬಸ್‌ಸ್ಟ್ಯಾಂಡಿನ್ಯಾಗ ಹೊಸಾ ಪೋಸ್ಟರ್ ಹಚ್ಚೀದಿ, ನನ್ನ ಫೋಟೋ ಯಾಕ ಬಿಟ್ಟಿ?” ಎಂದು ನಮ್ಮವರನ್ನು ಗದರಿದ. ಜೀಪಿನೊಳಗಿಂದ ನೋಡಿದ್ದ. ಇಳಿದು ಹತ್ತಿರ ಹೋದ ಮೇಲೆ ಗೊತ್ತಾಯಿತು. ಶುಭ ಕೋರುವವರ ಸಾಲಿನಲ್ಲಿ ನಿಂತವರು ಕಪ್ಪು ಕನ್ನಡಕ ಹಾಕಿದ, ನೀರು ಬಾರದ ಒಣ ನಳ, ಬಂಗಾರದ ಚೈನು ಹಾಕಿಕೊಂಡ ರಸ್ತೆಯ ತಗ್ಗು, ಕೈಮುಗಿದ ಮುರುಕು ಬೀದಿದೀಪ. ಅಷ್ಟೊತ್ತಿಗೆ ಸುತ್ತಲಿನ ಮಂದಿ ಪೋಸ್ಟರ್ ಬಿಟ್ಟು ಅವನನ್ನೇ ನೋಡಿ ನಗುತ್ತಿದ್ದರಂತೆ.

ಕಿತ್ತುಕೊಂಡು ಬಂದು ನಮ್ಮ ಅಂಗಡಿಯ ಮೇಜಿನ ಮೇಲೆ ಹರವಿದ. ಚಹಾ ಕೊಡಲು ಹೋದ ನಾನೂ ನೋಡಿದೆ. ನಳಕ್ಕೆ ಎರಡು ಕಾಲು, ಎಡಗಾಲಿನ ಚಪ್ಪಲಿಯ ಉಂಗುಟದ ಪಟ್ಟಿ ಹರಿದಿದೆ, ಅದಕ್ಕೊಂದು ಪಿನ್ನು. ವಿಜಯಪುರದಲ್ಲಿ ಕಾಲೇಜಿನ ಮೊದಲ ದಿನ ನನ್ನ ಚಪ್ಪಲಿ ಹರಿದಾಗ ನಿನ್ನ ಓಢಣಿಯ ಪಿನ್ನು ಬಿಚ್ಚಿ ಹಾಕಿಕೊಟ್ಟವಳು ನೀನು. ಆಮೇಲೆ ನೀನು ಬರೆದ ದೊಡ್ಡ ಮನುಷ್ಯರೆಲ್ಲರ ಕಾಲಿಗೂ ಅದೇ ಚಪ್ಪಲಿ.

“ಬೈದು ಬರೆದಿದ್ರ ಬಿಡತಿದ್ವಿ,” ಎಂದ ಹಣಮಂತರಾಯ. “ಬೈಯೂದು ದಿನಾ ಇದ್ದದ್ದ. ಇದಕ್ಕ ಮಂದಿ ನಗಾಕತ್ತಾರ. ಟಿಕೋಟಾ ಸಾಲ್ಯಾಗ ಚಿತ್ರ ಕಲಸಾಕಿ ಅದಾಳಲಾ, ನಿನ್ನ ಹೇಂತಿ ಗೆಳತಿ? ಮುಂಜಾನೆನ ಸೋಲಾಪುರಕ್ಕ ಹೋಗ್ಯಾಳಂತ. ಹಚ್ಚಿ ಓಡ್ಯಾಳ.”

“ಆಕಿಗೆ ನವಿಲು, ಗಿಣಿ ಬಿಟ್ರ ಬ್ಯಾರೆ ಏನೂ ಬರಿಯಾಕ ಬರಾಂಗಿಲ್ರಿ,” ಎಂದೆ.

ಅವನು ನಂಬಲಿಲ್ಲ. ನೀನು ಬಂದ ಕೂಡಲೇ ಶಾಲೆಯ ಆಡಳಿತದವರಿಗೆ ಹೇಳಿ ಕೆಲಸದಿಂದ ತೆಗೆಸುತ್ತಾನಂತೆ. ನಿಮ್ಮ ಮನೆ ನಡೆಯುವುದು ಆ ಕೆಲಸದಿಂದಲೇ ಎಂದು ನನಗೆ ಗೊತ್ತು.

ನಿಜ ಹೇಳಲೇ? ಹೆದರಿಕೆಗಿಂತ ಮೊದಲು ನನಗೆ ಹೊಟ್ಟೆಕಿಚ್ಚು ಬಂತು. ಅಂಥ ಚಿತ್ರದ ಕೆಳಗೆ ಬರೀ ‘ಜನ್ಮದಿನದ ಶುಭಾಶಯಗಳು’. ಎಷ್ಟು ಸಪ್ಪೆ. ನನ್ನನ್ನೊಂದು ಮಾತು ಕೇಳಬಾರದಿತ್ತೇ? ಹೇಗೆ ಕೇಳುತ್ತೀ, ನಾನು ಆ ಬ್ಯಾನರ್ ಅಂಗಡಿಯವರ ಹೆಂಡತಿ.

ನಿನ್ನೆ ಮಗುವಿಗೆ ಚುಚ್ಚುಮದ್ದು ಎಂದು ಹೇಳಿ ತವರಿಗೆ ಬಂದೆ. ಇಲ್ಲಿಯೂ ನಿದ್ದೆ ಇಲ್ಲ. ಬೆಳಿಗ್ಗೆ ಅವ್ವ ನನ್ನ ಬೆರಳು ನೋಡಿ, “ಇದೇನವಾ, ಕೈಗೆ ಅಂಟಂಟು?” ಎಂದು ಕೇಳಿದಳು. ಮಗುವಿನ ಗಂಜಿ ಎಂದೆ.

ನೀನು ಹೆದರಿ ಊರಿಗೆ ಓಡಿ ಬರಬೇಡ, ಯಾರ ಮುಂದೆಯೂ ಏನೂ ಒಪ್ಪಿಕೊಳ್ಳಬೇಡ. ಎರಡೂ ಕೈಗೆ ಮೆಹಂದಿ ಹಚ್ಚಿಸಿಕೋ. ಮದುವೆಯ ಫೋಟೋಗಳಲ್ಲಿ ದಿನಾ ಮುಂದೆ ಬಂದು ನಿಲ್ಲು, ಶಾಲೆಯವರಿಗೆಲ್ಲ ಕಳಿಸು.

ನಿನ್ನ ಸಾಲು ಬರೆಯುವವಳು,
ನೇತ್ರಾ

ತಾ.ಕ.: ಇವತ್ತು ನಸುಕಿನಲ್ಲಿ ತೊರವಿಯ ಬಸ್ ನಿಲ್ಲುವ ಕಡೆಯ ಗೋಡೆಗೆ ಎರಡನೆಯ ಪೋಸ್ಟರ್ ಹತ್ತಿದೆ. ಎರಡೂ ಒಂದೇ ಕೈಯವು ಎಂದು ಹಣಮಂತರಾಯ ಆಣೆ ಮಾಡುವಂತೆ ಚಪ್ಪಲಿಯನ್ನೂ ಪಿನ್ನನ್ನೂ ಹಾಕಿದ್ದೇನೆ, ನೀನಂತೂ ಸೋಲಾಪುರದಲ್ಲಿದ್ದೀ, ಹಾಗಾದರೆ ಮೊದಲನೆಯದೂ ನಿನ್ನದಾಗಲಾರದು. ಮೈದಾದ ಅಂಟು ಕುದಿಸಿದ್ದು ಗಂಜಿಯ ಪಾತ್ರೆಯಲ್ಲೇ. ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಹಚ್ಚಿದೆ, ಒಂದು ಸಲವೂ ಅಳದೆ ಮಲಗಿದ್ದಳು. ಪಾದ ಬರೆಯಲು ನನಗೆ ಬರುವುದಿಲ್ಲ, ನಗಬೇಡ. ಸಾಲು ಮಾತ್ರ ಓದು. ಒಣ ನಳ ಸಾಹೇಬರಿಗೆ ಕೈಮುಗಿದು ಹೇಳುತ್ತದೆ: “ನಮ್ಮನ್ನು ಹೀಗೇ ಉಳಿಸಿಕೊಂಡು ನೂರು ವರ್ಷ ಬಾಳಿರಿ.”