ಸಮುದ್ರ ಕಾಣದ ಮನೆ

ಸ್ತಾವಾಂಗೆರ್, ಜೂನ್ ತಿಂಗಳು

ಪ್ರಿಯ ಐವಿಂದ್,

ಈ ಬೇಸಿಗೆ ರಜೆಗೆ ನಿನ್ನ ಅಣ್ಣನ ದ್ವೀಪಕ್ಕೆ ಹೋಗುವುದು ಬೇಡ. ರೊಂಡಾನೆ ಬೆಟ್ಟದಲ್ಲಿ ಒಂದು ಮರದ ಮನೆ ಬಾಡಿಗೆಗೆ ಹಿಡಿದಿದ್ದೇನೆ. "ಬೇಸಿಗೇಲಿ ಎಲ್ಲರೂ ಸಮುದ್ರ ಕಾಣೋ ಮನೆ ಹುಡುಕ್ತಾರೆ, ನೀವೊಬ್ರು ಬೇಡ ಅಂತೀರಲ್ಲ" ಎಂದು ಮನೆಯೊಡತಿ ನಕ್ಕಳು.

ನಿನ್ನ ಜೊತೆಗಾರ ಹಾಲ್ವರ್ ನಿಮ್ಮ ತೈಲಬಾವಿಯ ಅಟ್ಟಣೆಯಿಂದ ಸಮುದ್ರಕ್ಕೆ ಬಿದ್ದು ಸತ್ತ ದಿನ ಅವನ ಕೈ ಹಿಡಿದಿದ್ದವನು ನೀನು ಎಂಬುದನ್ನು ನೀನು ಹೇಳಲೇ ಇಲ್ಲ. ಮೊನ್ನೆ ಅವನ ಹೆಂಡತಿ ಬೋರ್ಗಿಲ್ಡ್ ಅಂಗಡಿಯಲ್ಲಿ ಸಿಕ್ಕಿದ್ದಳು. "ಕೈಗವಸು ಕಳಚ್ಕೊಂಡು ಹೋಯ್ತಂತೆ. ಐವಿಂದ್ ಆದ್ರೂ ಏನು ಮಾಡೋಕಾಗ್ತಿತ್ತು? ನಾನು ಹೇಳ್ದೆ ಅಂತ ಹೇಳು" ಎಂದಳು. ಹೋದ ಸಲ ಮನೆಗೆ ಬಂದಾಗ ನೀನು ನಿದ್ದೆಯಲ್ಲಿ ನನ್ನ ಮಣಿಕಟ್ಟು ಕಂದುವಷ್ಟು ಬಿಗಿಯಾಗಿ ಹಿಡಿದದ್ದು ಏಕೆಂದು ಆಗ ತಿಳಿಯಿತು. ಅಂದಿನಿಂದ ಒಂದು ಕಡೆ ಕೂರಲಾಗುತ್ತಿಲ್ಲ. ಪೆಟ್ಟಿಗೆ ತುಂಬುತ್ತೇನೆ, ಬಿಚ್ಚುತ್ತೇನೆ, ಮತ್ತೆ ತುಂಬುತ್ತೇನೆ.

"ಅಪ್ಪ ಈಜು ಕಲಿಸ್ತೀನಿ ಅಂದಿದ್ದ" ಎಂದು ಸಿನ್ನೆ ಮುಖ ಊದಿಸಿಕೊಂಡಿದ್ದಾಳೆ. ಈ ವರ್ಷ ಮೀನು ಹಿಡಿಯುವುದನ್ನು ಕಲಿಸು. ಅಲ್ಲಿನ ತೊರೆ ಮೊಣಕಾಲುದ್ದವೂ ಇಲ್ಲವಂತೆ.

ನಿನ್ನ ಬೆಟ್ಟದ ಬೂಟು ನಾನೇ ತರುತ್ತೇನೆ. ಶುಕ್ರವಾರ ಹೆಲಿಕಾಪ್ಟರ್ ಇಳಿಯುವಲ್ಲಿಗೆ ಕಾರು ತಂದಿರುತ್ತೇನೆ. ಅಲ್ಲಿಂದಲೇ ನೇರವಾಗಿ ಹೊರಡೋಣ.

ರಜೆ ಮೂರೇ ವಾರ ಎಂದು ನಿಮ್ಮ ಕಚೇರಿಯವರು ಹೇಳಿದರು. ಮನೆಯನ್ನು ನಾನು ಹಿಮ ಬೀಳುವವರೆಗೆ ಹಿಡಿದಿದ್ದೇನೆ.

ನಿನ್ನ
ತೂರುನ್