ಮಾವನಿಗೆ ಬೆನ್ನು ಮಾಡಿ ನಿಂತದ್ದು

ಉರಿಗಾಂ
21-11-2024, ಗುರುವಾರ

ಹೊಸೂರಿನಲ್ಲಿರುವ ನಮ್ಮ ಯಜಮಾನರಿಗೆ ಶಶಿರೇಖ ಮಾಡುವ ನಮಸ್ಕಾರಗಳು.

ಮೊದಲೇ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ದುಂಡಗಿಲ್ಲ, ಕಾಗುಣಿತವೂ ಅಲ್ಲಲ್ಲಿ ತಪ್ಪಿರುತ್ತದೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ನಾನು ಬರೆದದ್ದೆಂದರೆ ಗ್ಯಾಸಿನವರ ಪುಸ್ತಕದಲ್ಲಿ ಹಾಕಿದ ಸಹಿ, ಅಷ್ಟೇ. ಒತ್ತಕ್ಷರ ಬಿಟ್ಟುಹೋದ ಕಡೆ ನೀವೇ ಸೇರಿಸಿಕೊಳ್ಳಿ. ನಕ್ಕರೂ ಪರವಾಗಿಲ್ಲ, ಆದರೆ ಕೊನೆಯವರೆಗೂ ಓದಿ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಮನೆಗೆ ಇರುವುದು ಒಂದೇ ಫೋನು. ನೀವು ಮಾಡಿದಾಗ ಅತ್ತೆ ಅದನ್ನು ಸ್ಪೀಕರಿಗೆ ಹಾಕಿ ಮಂಚದ ಮೇಲೆ ಇಡುತ್ತಾರೆ. ಊಟ ಆಯಿತಾ ಎಂದು ನೀವು ಕೇಳುತ್ತೀರಿ, ಆಯಿತು ಎಂದು ನಾನು ಹೇಳುತ್ತೇನೆ. ಮದುವೆಯಾಗಿ ನಾಲ್ಕು ವರ್ಷದಲ್ಲಿ ನಾವು ಫೋನಿನಲ್ಲಿ ಆಡಿದ ಮಾತನ್ನೆಲ್ಲ ಬರೆದರೆ ಒಂದು ಹಾಳೆ ತುಂಬುವುದಿಲ್ಲ. ಈಗ ಅತ್ತೆ ಡೈರಿಗೆ ಸಂಜೆಯ ಹಾಲು ಹಾಕಲು ಹೋಗಿದ್ದಾರೆ. ಅಲ್ಲಿಂದ ಪಾಪಕ್ಕನ ಮನೆಯ ಮುಂದೆ ಒಂದಿಷ್ಟು ಹೊತ್ತು ನಿಲ್ಲುತ್ತಾರೆ. ಅಷ್ಟರಲ್ಲಿ ನಾನು ಇದನ್ನು ಮುಗಿಸಬೇಕು. ನಾಳೆ ಬೆಳಿಗ್ಗೆ ಆರುಮುಗಂ ಅಣ್ಣ ಟೊಮೇಟೊ ಗಾಡಿ ತೆಗೆದುಕೊಂಡು ನಿಮ್ಮ ಕಡೆಗೆ ಬರುತ್ತಾರೆ, ಅವರ ಕೈಗೆ ಕೊಡುತ್ತೇನೆ.

ಭಾನುವಾರ ಊರಿಗೆ ಬಂದು ಸೋಮವಾರ ಬಂಗಾರಪೇಟೆಗೆ ಹೋಗುತ್ತೇನೆ, ವ್ಯಾಯಾಮ ಕಲಿಸುವ ನವ್ಯ ಮೇಡಂ ಮೇಲೆ ದೂರು ಕೊಟ್ಟು ಛತ್ರದವರಿಗೆ ಹೇಳಿ ಆ ಕ್ಲಾಸನ್ನೇ ಮುಚ್ಚಿಸುತ್ತೇನೆ ಎಂದು ಮೊನ್ನೆ ಹೇಳಿದಿರಿ. ಹೋಗಬೇಡಿ. ಮಾವ ಬಿದ್ದು ಕೈ ಮುರಿದುಕೊಂಡದ್ದು ಮೇಡಂನಿಂದಲ್ಲ, ನನ್ನಿಂದ.

ಇದನ್ನು ಬರೆದು ಹೊರಗೆ ಹೋಗಿ ನೀರು ಕುಡಿದು ಬಂದೆ. ಇನ್ನು ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನೀವು ಭಾನುವಾರ ಬೆಳಿಗ್ಗೆ ಬಂದು ಸಂಜೆ ಹೊರಡುವವರು. ವಾರದ ಉಳಿದ ಆರು ದಿನ ಈ ಮನೆ ಹೇಗಿರುತ್ತದೆ ಎಂದು ನಿಮಗೆ ಯಾರೂ ಹೇಳಿಲ್ಲ.

ಮಾವನಿಗೆ ಬಂದಿರುವುದು ಪಾರ್ಕಿನ್ಸನ್ ಕಾಯಿಲೆ, ಮಾತ್ರೆಯೊಂದೇ ಸಾಲದು, ಮೈ ಆಡಿಸುತ್ತಲೇ ಇರಬೇಕು ಎಂದು ಕೋಲಾರದ ಡಾಕ್ಟರು ಚೀಟಿ ಬರೆದು ಕಳಿಸಿದ್ದು ನೆನಪಿದೆಯಲ್ಲ. ಮಂಗಳವಾರ, ಶುಕ್ರವಾರ ಮಾವನನ್ನು ಬಸ್ಸಿಗೆ ಹತ್ತಿಸಿ ಬಂಗಾರಪೇಟೆಗೆ ಕರೆದುಕೊಂಡು ಹೋಗುತ್ತಿದ್ದವಳು ನಾನು. ಛತ್ರದ ಊಟದ ಹಾಲ್‌ನಲ್ಲಿ ಮೇಜು ಬದಿಗೆ ಸರಿಸಿ ಮೇಡಂ ಕಲಿಸುತ್ತಿದ್ದರು. ತಾಯ್ ಚಿ ಎಂದು ಹೆಸರು. ಚೀನಾ ದೇಶದಲ್ಲಿ ವಯಸ್ಸಾದವರು ಬೆಳಿಗ್ಗೆ ಎದ್ದು ಮಾಡುತ್ತಾರಂತೆ. ಓಡುವುದಿಲ್ಲ, ನೆಗೆಯುವುದಿಲ್ಲ. ಮೊಣಕಾಲು ಸ್ವಲ್ಪ ಬಗ್ಗಿಸಿ, ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಮೆಲ್ಲಗೆ ಇಳಿಸಬೇಕು. ತಲೆಯ ಮೇಲೆ ತುಂಬಿದ ಬಿಂದಿಗೆ ಇದ್ದರೆ ಹೇಗೆ ತಿರುಗುತ್ತೇವೋ ಹಾಗೆ. ಒಂದಕ್ಕೆ ಮೋಡದ ಕೈ ಎಂದು ಹೆಸರು. ಎರಡು ಕೈಯನ್ನೂ ಎದೆಯ ಮುಂದೆ ಒಂದಾದ ಮೇಲೊಂದು ತೇಲಿಸಬೇಕು. ಮಾವ ಅದನ್ನು ರಾಗಿ ಕೇರುವುದು ಎಂದು ಕರೆಯುತ್ತಿದ್ದರು. ಮೇಡಂ ನಕ್ಕು, ಹಾಗೇ ಅಂದುಕೊಂಡು ಮಾಡಿ, ಕೈ ತಪ್ಪುವುದಿಲ್ಲ ಎಂದರು.

ದಿನವೂ ಮನೆಯಲ್ಲೂ ಮಾಡಿಸಬೇಕಿತ್ತು. ಅದಕ್ಕೆ ಮೇಡಂ ನನಗೆ ಎರಡು ಮಾತು ಕಟ್ಟುನಿಟ್ಟಾಗಿ ಹೇಳಿದ್ದರು. ನಾನು ಮಾವನ ಎದುರಿಗೆ, ಕೈಗೆಟಕುವಷ್ಟು ಹತ್ತಿರ, ಅವರ ಮುಖ ಮತ್ತು ಕಾಲು ನೋಡುತ್ತ ನಿಲ್ಲಬೇಕು. ಅವರ ಬೆನ್ನ ಹಿಂದೆ ಕುರ್ಚಿ ಇರಬೇಕು. ಈ ಕಾಯಿಲೆಯವರು ಹಿಂದಕ್ಕೆ ಬೀಳುತ್ತಾರಂತೆ.

ಬಂದು ಅತ್ತೆಗೆ ಹೇಳಿದೆ. ಅತ್ತೆ ಸೌದೆ ಒಡೆಯುವುದನ್ನು ನಿಲ್ಲಿಸಲೂ ಇಲ್ಲ. "ಏನಾರ ಮಾಡ್ಕಳಿ. ಸೊಸೆ ಮಾವನ ಮಕ ನೋಡ್ಕಂಡು ಕೈಕಾಲು ಆಡ್ಸೋದು ಮಾತ್ರ ನನ್ನ ಮನೇಲಿ ಬ್ಯಾಡ" ಎಂದರು. ಅವರದು ತಪ್ಪೆಂದು ನಾನು ಹೇಳುತ್ತಿಲ್ಲ. ನಮ್ಮಮ್ಮನೂ ಹಾಗೇ ಕಲಿಸಿ ಕಳಿಸಿದ್ದಾಳೆ. ಈ ಮನೆಗೆ ಬಂದಾಗಿನಿಂದ ಮಾವನಿಗೆ ತಟ್ಟೆ ಇಡುವಾಗಲೂ ನಾನು ತಲೆ ಎತ್ತಿದವಳಲ್ಲ. ಅವರಿಗೆ ಸ್ನಾನ ಮಾಡಿಸಿ ಬಟ್ಟೆ ಹಾಕುವುದೆಲ್ಲ ಅತ್ತೆಯದು. ನನ್ನದು ಅಡುಗೆ, ಎರಡು ಹಸು, ಬಸ್ಸು.

ಅದಕ್ಕೇ ನಾನೇ ಒಂದು ಉಪಾಯ ಮಾಡಿದೆ. ದೊಡ್ಡಿಯ ಪಕ್ಕ ಮಾವನ ಮುಂದೆ ನಿಂತೆ, ಆದರೆ ಅವರಿಗೆ ಬೆನ್ನು ಮಾಡಿ, ತಲೆಯ ಮೇಲೆ ಸೆರಗು ಹೊದ್ದು. ಅವರು ನನ್ನ ಕೈ ನೋಡಿ ಮಾಡುತ್ತಾರೆ, ನಾನು ಅವರ ಚಪ್ಪಲಿ ನೆಲಕ್ಕೆ ಸವರುವ ಸದ್ದು ಕೇಳಿ ಎಷ್ಟು ಮಾಡಿದರು ಎಂದು ತಿಳಿಯುತ್ತೇನೆ. ಎಷ್ಟು ಜಾಣೆ ನಾನು ಎಂದುಕೊಂಡೆ. ಮೇಡಂಗೆ ಮಾತ್ರ ಹೇಳಲಿಲ್ಲ. ಹಾಗೆ ಮಾಡಿದರೂ ಬೀದಿಯ ಬಾಯಿ ಮುಚ್ಚಲಿಲ್ಲ. ಒಂದು ದಿನ ಪಾಪಕ್ಕ ಕಾಂಪೌಂಡಿನ ಆಚೆಯಿಂದಲೇ, "ಏನ್ ವೆಂಕಟರತ್ನಮ್ಮ, ನಿಮ್ಮನೇಲಿ ಮಾವ ಸೊಸೆ ಚೀನಾ ಡ್ಯಾನ್ಸ್ ಆಡ್ತಾವ್ರಂತೆ. ಟಿಕೀಟು ಎಷ್ಟಮ್ಮ?" ಎಂದು ಕೇಳಿದಳು. ಅತ್ತೆ ಆ ದಿನ ನನ್ನ ಕೈಯ ಕಾಫಿ ಕುಡಿಯಲಿಲ್ಲ.

ಆದರೂ ಮಾವ ಸುಧಾರಿಸಿದರು. ಮೂರು ತಿಂಗಳಿಗೆ ರಾತ್ರಿ ತಾವೇ ಮಗ್ಗುಲು ಬದಲಾಯಿಸುವಂತಾದರು. ಅಡುಗೆ ಮನೆಯ ಹೊಸ್ತಿಲ ಹತ್ತಿರ ಬಂದಾಗ ಕಾಲು ನೆಲಕ್ಕೆ ಮೊಳೆ ಹೊಡೆದ ಹಾಗೆ ನಿಂತುಬಿಡುತ್ತಿತ್ತಲ್ಲ, ಅದನ್ನು ಮೈಭಾರ ಎಡಕ್ಕೆ ಬಲಕ್ಕೆ ಇಳಿಸಿ ದಾಟುವುದು ಕಲಿತರು. ಅರ್ಧ ಲೋಟ ಕಾಫಿ ಚೆಲ್ಲದೆ ಜಗಲಿಯವರೆಗೂ ತಂದುಕೊಂಡರು. ಎಲ್ಲರೂ ನನ್ನನ್ನು ಹೊಗಳಿದರು. ಮಾವನ ಸೇವೆ ಎಂದರೆ ಹೀಗಿರಬೇಕು ಎಂದು ನಿಮ್ಮ ಚಿಕ್ಕಮ್ಮನೂ ಹೇಳಿದರು.

ಅದು ಸೇವೆ ಆಗಿರಲಿಲ್ಲ. ಅಪ್ಪ ತಾವೇ ಎದ್ದು ಓಡಾಡುವಂತಾದರೆ ನಿನ್ನನ್ನು ಹೊಸೂರಿಗೆ ಕರೆದುಕೊಂಡು ಹೋಗುತ್ತೇನೆ ಎಂದು ಯುಗಾದಿ ದಿನ ನೀವು ಹೇಳಿದಿರಿ. ನೀವು ಹೇಳಿ ಮರೆತಿರಬಹುದು. ನಾನು ಮಾವನಿಗೆ ಹಾಕಿಸಿದ ಒಂದೊಂದು ಹೆಜ್ಜೆಯನ್ನೂ ಹೊಸೂರಿನ ಕಡೆಗೇ ಹಾಕಿಸಿದೆ. ನಿಮ್ಮ ರೂಮಿಗೆ ಕಿಟಕಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಕಿಟಕಿ ಇದೆ, ಹೊರಗೆ ನನಗೆ ಪರಿಚಯವಿಲ್ಲದ ಜನ ಹೋಗುತ್ತಿದ್ದಾರೆ ಎಂದುಕೊಂಡು ಹಸುವಿನ ಸಗಣಿ ಬಾಚಿದ್ದೇನೆ.

ಒಂಬತ್ತನೇ ತಾರೀಕು ಶನಿವಾರ ಬೆಳಿಗ್ಗೆ ನಡೆದದ್ದು ಇದು. ಮಾರನೆಯ ದಿನ ನೀವು ಬರುವವರಿದ್ದಿರಿ. ಮಾವ ಗೇಟಿನವರೆಗೆ ನಡೆಯುವುದನ್ನು ನಿಮಗೆ ತೋರಿಸಿ ಯುಗಾದಿಯ ಮಾತು ಎತ್ತಬೇಕೆಂದಿದ್ದೆ. ಅಟ್ಟದ ಮೇಲಿದ್ದ ನನ್ನ ಸೂಟ್‌ಕೇಸ್ ಇಳಿಸಲು ಕುರ್ಚಿಯನ್ನು ಒಳಗೆ ಒಯ್ದಿದ್ದೆ. ಮದುವೆಯಲ್ಲಿ ನಮ್ಮಪ್ಪ ಕೊಡಿಸಿದ ಸೂಟ್‌ಕೇಸ್. ಒರೆಸಿ ಬಿಸಿಲಿಗೆ ಇಡೋಣ ಎಂದು. ಕುರ್ಚಿಯನ್ನು ಅಲ್ಲೇ ಬಿಟ್ಟು ಬಂದು ಮಾವನ ಮುಂದೆ ಬೆನ್ನು ಮಾಡಿ ನಿಂತೆ. ಕೈ ತೇಲಿಸುತ್ತಿದ್ದೆ, ಮನಸ್ಸು ಸೂಟ್‌ಕೇಸಿಗೆ ಯಾವ ಸೀರೆ ಹಾಕಬೇಕು ಎಂದು ಎಣಿಸುತ್ತಿತ್ತು. ಚಪ್ಪಲಿಯ ಸದ್ದು ಯಾವಾಗ ನಿಂತಿತೋ ಕೇಳಿಸಲೇ ಇಲ್ಲ. ಧಪ್ಪೆಂದು ಸದ್ದಾದ ಮೇಲೆ ತಿರುಗಿದೆ.

ಅತ್ತೆ ಓಡಿಬಂದು ಏನಾಯಿತೆಂದು ಕೇಳಿದಾಗ ನನ್ನ ಬಾಯಿಂದ ಬಂದದ್ದು, ಮೇಡಂ ಹೇಳಿದ ಹಾಗೆಯೇ ಮಾಡುತ್ತಿದ್ದೆವು ಎಂಬ ಒಂದು ಮಾತು. ಬೇಕೆಂದು ಹೇಳಲಿಲ್ಲ, ಬಂದುಬಿಟ್ಟಿತು. ಸಂಜೆಯ ಹೊತ್ತಿಗೆ ಬೀದಿಗೆಲ್ಲ ಅದೇ ನಿಜವಾಯಿತು. ಮಾರನೆಯ ದಿನ ನೀವು ಮೇಡಂಗೆ ಫೋನು ಮಾಡಿ ಬೈದಿರಿ. ಅವರು ನನ್ನ ಹತ್ತಿರ ಮಾತಾಡಬೇಕು ಎಂದರು. ಎದುರಿಗೆ ನಿಂತಿದ್ದೆಯಾ, ಹಿಂದೆ ಕುರ್ಚಿ ಇತ್ತಾ ಎಂದು ಕೇಳಿದರು. ನೀವು, ಅತ್ತೆ, ಪಾಪಕ್ಕ ಮೂವರೂ ನನ್ನನ್ನೇ ನೋಡುತ್ತಿದ್ದಿರಿ. ಎರಡಕ್ಕೂ ಹೂಂ ಎಂದೆ. ಅದು ಮಾತ್ರ ಬಂದುಬಿಟ್ಟದ್ದಲ್ಲ. ಅದನ್ನು ಯೋಚಿಸಿ ಹೇಳಿದೆ.

ಮಾವನಿಗೆ ನಿಜ ಗೊತ್ತಿದೆ. ಕಾಲು ಜಾರಿತು ಎಂದು ಹೇಳಿ ಅವರು ಬಾಯಿ ಮುಚ್ಚಿದ್ದಾರೆ. ಯಾರೂ ಇಲ್ಲದಾಗ ಮಂಚದ ಹತ್ತಿರ ನಿಂತು, ನಾನು ಹೇಳಿಬಿಡುತ್ತೇನೆ ಮಾವ ಎಂದೆ. ಅವರ ಧ್ವನಿ ಈಗ ತುಂಬ ಇಳಿದಿದೆ, ಬಗ್ಗಿ ಕೇಳಬೇಕು. "ಬೆನ್ನು ಮಾಡ್ಕಂಡು ನಿಂತಿದ್ಳು ಅಂದ್ರೆ ಸುಧಾಕರ ಹೆಂಡ್ತಿ ಅಂತ ನಿನ್ನ ಸುಮ್ಕೆ ಬಿಡ್ತಾನೇನಮ್ಮಾ? ಓಗ್ಲಿ ಬಿಡು. ನಾನು ಇಂಗೇ ಮಲಗಿರ್ತೀನಿ" ಎಂದರು.

ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹನ್ನೆರಡು ದಿನದಿಂದ ಮಲಗೇ ಇದ್ದಾರೆ. ಬಲಗೈಗೆ ಕಟ್ಟು ಹಾಕಿದ್ದಾರೆ ಸರಿ, ಆದರೆ ಈಗ ಕಾಲು, ಕತ್ತು, ಮುಖ ಎಲ್ಲವೂ ಸೆಟೆಯುತ್ತಿವೆ. ಮಗ್ಗುಲು ಬದಲಾಯಿಸಲು ಇಬ್ಬರು ಬೇಕು. ಹೇಗಿದೆ ಎಂದು ಕೇಳಿದರೆ, ಲಿಫ್ಟಿನ ಹಾಗಿರುವ ಕೇಜಿನಲ್ಲಿ ನಂದಿದುರ್ಗ ಚಿನ್ನದ ಗಣಿಗೆ ಇಳಿಯುತ್ತಿದ್ದ ಕಾಲದ ಮಾತು ತೆಗೆಯುತ್ತಾರೆ. "ಕೇಜು ನಡುವೆ ನಿಂತ್ಬುಟ್ಟೈತೆ ಕಣಮ್ಮಾ. ಮ್ಯಾಕೂ ಇಲ್ಲ, ಕೆಳಕ್ಕೂ ಇಲ್ಲ" ಎನ್ನುತ್ತಾರೆ. ನಾನೂ ಅದೇ ಕೇಜಿನಲ್ಲಿದ್ದೇನೆ ಎಂದು ಹೇಳಬೇಕೆನ್ನಿಸುತ್ತದೆ. ಸೊಸೆ ಮಾವನಿಗೆ ಹಾಗೆಲ್ಲ ಹೇಳುವುದುಂಟೇ. ಗಂಜಿ ಕುಡಿಸಿ ಬರುತ್ತೇನೆ.

ಸುಮ್ಮನಿದ್ದರೆ ಮಾವ ಮಂಚ ಬಿಟ್ಟು ಏಳುವುದಿಲ್ಲ, ಛತ್ರಕ್ಕೆ ಬರುವ ಇನ್ನೂ ಎಂಟು ಜನಕ್ಕೆ ಕ್ಲಾಸು ಇರುವುದಿಲ್ಲ, ಒಬ್ಬ ಹೆಣ್ಣುಮಗಳು ಮಾಡದ ತಪ್ಪಿಗೆ ತಲೆ ತಗ್ಗಿಸಬೇಕು. ಹೇಳಿದರೆ ಈ ಮನೆಯಲ್ಲಿ ನನ್ನ ಗತಿ ಏನೆಂದು ನನಗೆ ಗೊತ್ತು. ಹೊಸೂರಿನ ಮಾತನ್ನು ಇನ್ನು ಯಾರೂ ಎತ್ತುವುದಿಲ್ಲ. ಈ ಹನ್ನೆರಡು ದಿನವೂ ಯಾವುದು ಮೇಲು ಎಂದು ಯೋಚಿಸಿದೆ ಎಂದರೆ ಸುಳ್ಳಾಗುತ್ತದೆ. ನಾನು ತಪ್ಪಿಸಿಕೊಳ್ಳುವ ದಾರಿ ಯಾವುದು ಎಂದೇ ಯೋಚಿಸಿದೆ. ಯಾವ ದಾರಿಯೂ ಕಾಣಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೀವು ಬೈಯಬಹುದು. ನನ್ನ ತವರು ಬೇತಮಂಗಲಕ್ಕೆ ಕಳಿಸಿಬಿಡುತ್ತೇನೆ ಎಂದರೂ ಎನ್ನಿ. ಆದರೆ ಸೋಮವಾರ ಆ ಛತ್ರಕ್ಕೆ ಹೋಗುವುದಾದರೆ ಮಾವನನ್ನು ಸೇರಿಸಿಕೊಳ್ಳಿ ಎಂದು ಕೇಳುವುದಕ್ಕೆ ಹೋಗಿ. ನನಗೆ ಹೊಸೂರು ಬೇಕು. ಇಷ್ಟೆಲ್ಲ ಆದ ಮೇಲೂ ಬೇಕು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಇದನ್ನು ಮುಚ್ಚಿಟ್ಟರೆ ಮೇಲೆ ಬರೆದ ನಿಜಕ್ಕೆ ಬೆಲೆ ಇಲ್ಲ.

ಹಾಲಿನ ಕ್ಯಾನಿನ ಸದ್ದು ಕೇಳಿಸುತ್ತಿದೆ. ನಿಲ್ಲಿಸುತ್ತೇನೆ.

ಇಂತಿ ನಿಮ್ಮ
ಶಶಿರೇಖ

ಇನ್ನೊಂದು ಮಾತು, ಶುಕ್ರವಾರ ಬೆಳಿಗ್ಗೆ ಬರೆದದ್ದು. ಈ ಕಾಗದ ನಿಮಗೆ ಮುಟ್ಟುವವರೆಗೂ ಕಾಯುವುದು ನನ್ನಿಂದಾಗಲಿಲ್ಲ. ಅತ್ತೆ ಹಾಲು ಕರೆಯುತ್ತಿದ್ದಾಗ ದೊಡ್ಡಿಯ ಬಾಗಿಲಲ್ಲಿ ನಿಂತು, ಅವರಿಗೂ ಕೇಳಿಸುವ ಹಾಗೆ, ನವ್ಯ ಮೇಡಂಗೆ ಫೋನು ಮಾಡಿ ಎಲ್ಲ ಹೇಳಿಬಿಟ್ಟೆ. ಬೆನ್ನು ಮಾಡಿದ್ದು, ಕುರ್ಚಿ, ಸೂಟ್‌ಕೇಸ್, ಎಲ್ಲ. ಕಟ್ಟು ಹಾಕಿರುವುದು ಯಾವ ಕೈಗೆ ಎಂದು ಮೇಡಂ ಕೇಳಿದರು. ಡಾಕ್ಟರನ್ನು ಒಂದು ಮಾತು ಕೇಳಿ, ಮಂಚದ ಅಂಚಿನಲ್ಲಿ ಕೂರಿಸಿ ಎಡಗೈಯೊಂದನ್ನೇ ಶುರು ಮಾಡು, ಇಬ್ಬರೂ ಜೊತೆಗಿರಿ ಎಂದರು. ಡಾಕ್ಟರಿಗೂ ಫೋನು ಮಾಡಿ ಕೇಳಿದೆ, ಆಗಲಿ ಎಂದರು. ಅತ್ತೆ ಹಸುವಿನ ಹೊಟ್ಟೆಗೆ ಹಣೆ ಆನಿಸಿಕೊಂಡು ಕರೆಯುತ್ತಲೇ ಇದ್ದರು. ಬಕೆಟ್ ತುಂಬಿದ ಮೇಲೆ ಎದ್ದು, "ಪಾಪಕ್ಕ ಬರೋದ್ರೊಳ್ಗೆ ಮುಗ್ಸು" ಎಂದು ಮಾತ್ರ ಹೇಳಿ, ಒಳಗೆ ಬಂದು ಮಾವನ ಬೆನ್ನಿಗೆ ತಮ್ಮ ಭುಜ ಕೊಟ್ಟು ಕೂತರು. ನನ್ನ ಕಡೆ ನೋಡಲಿಲ್ಲ. ನಾನು ಸೆರಗು ತಲೆಯಿಂದ ತೆಗೆದು ಸೊಂಟಕ್ಕೆ ಸಿಕ್ಕಿಸಿ, ಸ್ಟೂಲ್ ಎಳೆದುಕೊಂಡು ಮಾವನ ಎದುರಿಗೆ ಕೂತೆ. ಅವರ ಎಡಗಣ್ಣಿನ ಕೆಳಗೆ, ನಿಮಗೆ ಇರುವ ಜಾಗದಲ್ಲೇ, ಒಂದು ಮಚ್ಚೆ ಇದೆ. ಇವತ್ತು ನೋಡಿದೆ. ಹನ್ನೊಂದು ಸಲ ಕೈ ಎತ್ತಿಸಿದೆ.