ಚೈನ್ ಹಾಕಿಸಿಕೊಳ್ಳದ ಜೀಪು

ಮಾರ್ಚ್ 11, ಸೋಮವಾರ

ಐದಕ್ಕೆ ಟಪಾಲಿನ ಟ್ರಕ್ಕು ಬಂತು, ಐದೂವರೆಗೆ ಹೊರಟೆ, ಒಂಬತ್ತಕ್ಕೆ ಜಲ್ಲಿ ರಸ್ತೆಗೆ ವಾಪಸ್. ಹೊಳೆಯಾಚೆಯ ಒಂಬತ್ತು ಮನೆಗಳ ಟಪಾಲು ಮುಗಿಯಿತು. ರಾತ್ರಿ ಹೆಪ್ಪುಗಟ್ಟಿದ ಎರೆಮಣ್ಣು ಬಿಸಿಲು ಏರುವತನಕ ಮಾತ್ರ ಕಲ್ಲು. ಆಮೇಲೆ ಗೋಂದು. ಡಕೋಟಾದಲ್ಲಿ ಮಾರ್ಚ್ ತಿಂಗಳ ಟಪಾಲು ಎಂದರೆ ಸೂರ್ಯನ ಜೊತೆ ಪಂದ್ಯ. ಇವತ್ತು ನಾನು ಗೆದ್ದೆ.

ಹೊಳೆಯಾಚೆಯ ರೈತ ಆರ್ಡೆಲ್ ತನ್ನ ಟಪಾಲು ಡಬ್ಬಿಯ ಹತ್ತಿರವೇ ನಿಂತಿದ್ದ. ಹೆಗಲ ಮೇಲೆ ಟ್ರ್ಯಾಕ್ಟರಿನ ಚೈನು. ಈ ರೂಟಿನಲ್ಲಿ ಕೆಸರಿಗೆ ಬಿದ್ದವರನ್ನೆಲ್ಲ ಎಳೆದುಹಾಕುವವನು ಅವನೇ, ನನ್ನೊಬ್ಬಳನ್ನು ಬಿಟ್ಟು.

"ಏನ್ ಮಾರ್ಲಿಸ್, ಚೈನು ತುಕ್ಕು ಹಿಡೀತಾ ಇದೆ. ಒಂದ್ಸಲ ಆದ್ರೂ ಸಿಕ್ಕಾಕ್ಕೊಳ್ಳೇ ಮಾರಾಯ್ತಿ."

"ನೀನ್ ಸತ್ತ ಮಾರನೇ ದಿನ ಸಿಕ್ಕಾಕ್ಕೋತೀನಿ. ಅಲ್ಲೀವರ್ಗೂ ಕಾಯ್ತಾ ಇರು."

ಇಪ್ಪತ್ತಮೂರು ವರ್ಷ. ಒಂದು ಸಲವೂ ನನ್ನ ಜೀಪಿಗೆ ಚೈನು ಬಿದ್ದಿಲ್ಲ. ಜಂಬ ಅನ್ನುವವರು ಅನ್ನಲಿ. ಜಂಬವೇ.

ಮಾರ್ಚ್ 13, ಬುಧವಾರ

ಕೊನೆಯ ಡಬ್ಬಿಯ ಹತ್ತಿರ ಅಲ್ವೀನಾ. ಕೋಟಿಲ್ಲ, ಟೋಪಿಯಿಲ್ಲ, ಚಳಿಯಲ್ಲಿ ನಡುಗುತ್ತ.

"ಬಂತಾ?"

"ಇಲ್ಲ ಕಣೇ. ಮಿನಿಯಾಪೊಲಿಸ್‌ನಲ್ಲಿ ಬಿರುಗಾಳಿಯಂತೆ. ವಿಮಾನ ಹಾರಿಲ್ಲ."

ಅವಳು ಅಂಚೆಯಲ್ಲಿ ತರಿಸುತ್ತಿರುವ ಕೋಳಿಮರಿಗಳು. ಇಪ್ಪತ್ತೈದು. ಜನವರಿಯಲ್ಲಿ ಗೂಡಿಗೆ ನರಿ ನುಗ್ಗಿ ಅವಳ ಒಂದೇ ಒಂದು ಕೋಳಿಯನ್ನೂ ಉಳಿಸಲಿಲ್ಲ. ಈ ರೂಟಿಗೆಲ್ಲ ಮೊಟ್ಟೆ ಕೊಡುತ್ತಿದ್ದವಳು ಅವಳು.

"ಅಂಗಳದಲ್ಲಿ ಸದ್ದೇ ಇಲ್ಲ ಮಾರ್ಲಿಸ್. ಬೆಳಿಗ್ಗೆ ಎದ್ದು ಯಾಕೆ ಹೊರಗೆ ಹೋಗ್ಬೇಕು ಅನ್ನೋದೇ ಮರ್ತೋಗಿದೆ."

ಅವಳ ಕೈಗೆ ಉಳಿದ ಟಪಾಲು ಕೊಟ್ಟು ಜೀಪು ತಿರುಗಿಸಿದೆ. ಲೆಕ್ಕ ಮಾತ್ರ ತಲೆಯಲ್ಲಿ. ಮೊಟ್ಟೆಯೊಡೆದ ದಿನವೇ ಮರಿಗಳನ್ನು ಪೆಟ್ಟಿಗೆಗೆ ಹಾಕಿ ಅಂಚೆಗೆ ಕೊಡುತ್ತಾರೆ. ಹೊಟ್ಟೆಯೊಳಗಿನ ಹಳದಿಯೇ ಮೂರು ದಿನದ ಬುತ್ತಿ. ಅಷ್ಟರೊಳಗೆ ನೀರು, ಬೆಚ್ಚನೆಯ ಜಾಗ ಸಿಗಬೇಕು. ಸೋಮವಾರ ಒಡೆದ ಮರಿಗಳು ಇವು. ನಾಳೆಯೇ ಕೊನೆ.

ಮಾರ್ಚ್ 14, ಗುರುವಾರ. 10:15, ಅಂಚೆ ಕಚೇರಿ

ಟ್ರಕ್ಕು ಈಗ ಬಂತು. ಐದು ತಾಸು ತಡ. ಪೆಟ್ಟಿಗೆ ಬಂದಿದೆ. ಕಿವಿಯಿಟ್ಟೆ... ಚಿಲಿಪಿಲಿ ಇದೆ, ಆದರೆ ಕ್ಷೀಣ. ಹೊರಗೆ ಸೂರಿನಿಂದ ನೀರು ಇಳಿಯುತ್ತಿದೆ. ನೆಲ ಆಗಲೇ ಕರಗಿದೆ.

ಹೊಸ ಪೋಸ್ಟ್ ಮಾಸ್ಟರ್ ಕರ್ಟ್ ಕಿಟಕಿಯಾಚೆ ನೋಡಿದ. ಒಳ್ಳೆಯ ಹುಡುಗ, ಪಟ್ಟಣದವನು.

"ಹೊಳೆಯಾಚೆದು ನಾಳೆ ಬೆಳಿಗ್ಗೆ ತಗೊಂಡ್ಹೋಗಿ. ಯಾರೂ ಏನೂ ಅನ್ನಲ್ಲ."

"ಮರಿಗಳು ಅಂತಾವೆ."

ಹೀಟರ್ ಪೂರ್ತಿ ತಿರುಗಿಸಿದೆ. ಹೊರಟೆ.

ಅದೇ ದಿನ, 1:40, ಜೀಪಿನೊಳಗೆ

ಹೊಳೆಯ ಇಳಿಜಾರು ದಾಟಿದೆ. ಸೇತುವೆ ದಾಟಿದೆ. ಆಚೆಯ ಏರಿನಲ್ಲಿ ಸಿಕ್ಕಿಹಾಕಿಕೊಂಡೆ.

ಬರೆದೇಬಿಟ್ಟೆ. ಕೈ ಬಿದ್ದುಹೋಗಲಿಲ್ಲ.

ಚಕ್ರ ಅರ್ಧ ಹೂತಿದೆ. ಹಲಗೆ ಹಾಕಿದೆ, ಹಲಗೆಯನ್ನೂ ನುಂಗಿತು. ಮರಿಗಳ ಪೆಟ್ಟಿಗೆ ತೊಡೆಯ ಮೇಲೆ, ಸುತ್ತ ನನ್ನ ಕೋಟು. ಅಲ್ವೀನಾ ಮನೆ ಇನ್ನೂ ನಾಲ್ಕು ಮೈಲಿ. ನಡೆದರೆ ಹತ್ತು ಹೆಜ್ಜೆಗೆ ಬೂಟು ಕಿತ್ತು ಅಲ್ಲೇ ಉಳಿಯುತ್ತದೆ. ಫೋನಿಗೆ ಸಿಗ್ನಲ್ ಇಲ್ಲ. ಒಂದು ಮೂಲೆಯ ಮರಿಗಳು ಸುಮ್ಮನಾಗಿವೆ.

ಹಾರ್ನ್ ಒತ್ತಿದೆ. ಮೂರು ಸಲ. ನೆರವಿಗೆ ಕರೆದದ್ದು ಇಪ್ಪತ್ತಮೂರು ವರ್ಷದಲ್ಲಿ ಮೊದಲ ಸಲ.

ಗುಡ್ಡದ ಮೇಲೆ ಆರ್ಡೆಲ್‌ನ ಟ್ರ್ಯಾಕ್ಟರು ಕಾಣಿಸಿತು. ಹಲ್ಲು ಕಿಸಿಯುತ್ತ ಬರುತ್ತಿರುತ್ತಾನೆ. ಕಿಸಿಯಲಿ. ಬೇಗ ಬರಲಿ.

ಅದೇ ದಿನ, ಸಂಜೆ 7, ಅಲ್ವೀನಾಳ ಅಡುಗೆಮನೆ

ಇಪ್ಪತ್ತೈದರಲ್ಲಿ ಇಪ್ಪತ್ತನಾಲ್ಕು!

ಅಲ್ವೀನಾ ಒಂದೊಂದೇ ಮರಿಯ ಕೊಕ್ಕನ್ನು ಸಕ್ಕರೆ ನೀರಿಗೆ ಅದ್ದಿ ದೀಪದ ಕೆಳಗೆ ಬಿಟ್ಟಳು. ಬಿಡುವಾಗ ಒಂದೊಂದಕ್ಕೂ ಏನೋ ಹೇಳುತ್ತಿದ್ದಳು. ನಾನು ಅತ್ತುಬಿಟ್ಟೆ. ಬರೆಯುವುದರಲ್ಲಿ ನಾಚಿಕೆ ಏನು, ಹೌದು, ಅತ್ತುಬಿಟ್ಟೆ.

ಆರ್ಡೆಲ್ ವಿಷಯ ಬರೆಯಬೇಕು. ಟ್ರ್ಯಾಕ್ಟರಿನಿಂದ ಇಳಿದ. ಜೀಪು ನೋಡಿದ, ನನ್ನ ತೊಡೆಯ ಮೇಲಿನ ಪೆಟ್ಟಿಗೆ ನೋಡಿದ. ನಗಲಿಲ್ಲ.

"ಹಾಕು ಚೈನು," ಅಂದೆ.

"ಎಂಥದ್ದು? ಎಂಜಿನ್ ಸದ್ದಲ್ಲಿ ಏನೂ ಕೇಳಿಸ್ಲಿಲ್ಲ."

"ಹಾಕು ಅಂದೆ, ಕಿವುಡ!"

"ಈ ಜೀಪಿಗೆ ಚೈನ್ ಹಾಕಿದ್ರೆ ನಾಳೆಯಿಂದ ನಾನು ಕಾಫಿ ಅಂಗಡೀಲಿ ಯಾರನ್ನ ಆಡ್ಕೊಳ್ಲಿ? ಪೆಟ್ಟಿಗೆ ತಗೊಂಡು ಹತ್ತು. ಟಪಾಲೂ ತಾ."

ಹತ್ತಿದೆ. ದಾರಿಯ ಎಂಟು ಡಬ್ಬಿಗಳಿಗೂ ಟ್ರ್ಯಾಕ್ಟರಿನಿಂದಲೇ ಬಾಗಿ ಟಪಾಲು ಹಾಕಿದೆ. ಒಂದು ಕಾಗದವೂ ಉಳಿಯಲಿಲ್ಲ.

ಈಗ ನೆನಪಾಯಿತು... ಚಕ್ರದ ಸುತ್ತ ಮಣ್ಣು ಬಿಡಿಸದೆ ಬಂದೆ. ರಾತ್ರಿಗೆ ಹೆಪ್ಪುಗಟ್ಟುತ್ತದೆ. ಮೊದಲ ವರ್ಷದವರು ಮಾಡುವ ತಪ್ಪು!

ಮಾರ್ಚ್ 15, ಶುಕ್ರವಾರ. ಬೆಳಿಗ್ಗೆ 8

ಐದೂವರೆಗೆ ಅಲ್ವೀನಾಳ ಪಿಕಪ್ಪಿನಲ್ಲಿ ಹೋದೆವು. ನೆಲ ಕಲ್ಲಾಗಿತ್ತು. ಜೀಪು ಸಿಮೆಂಟಿನಲ್ಲಿ ನೆಟ್ಟ ಹಾಗೆ. ಸುತ್ತ ಹೆಡ್‌ಲೈಟುಗಳು. ಎಂಟು ಮನೆಯವರೂ ಇದ್ದರು. ಗುದ್ದಲಿ, ಹಾರೆ, ಕೊಡಲಿ, ಒಬ್ಬರ ಕೈಯಲ್ಲಿ ಕುದಿನೀರಿನ ಕೆಟಲು. ನಡುವೆ ಆರ್ಡೆಲ್, ಮೊಣಕಾಲೂರಿ ನನ್ನ ಜೀಪಿನ ಎಡ ಚಕ್ರದ ಸುತ್ತ ಕೆತ್ತುತ್ತಿದ್ದ. ನಿನ್ನೆ ಹಿಂದಿರುಗುವಾಗ ಪ್ರತಿ ಮನೆಗೂ ಹೇಳಿ ಹೋಗಿದ್ದಾನೆ.

"ಚೈನೆಲ್ಲಿ?" ಅಂದೆ.

"ಮನೇಲಿ ಬಿಟ್ಟು ಬಂದೆ. ಮರೆವು ಜಾಸ್ತಿಯಾಗಿದೆ."

ಒಂದು ತಾಸು ಅಗೆದರು. ಸ್ಟೀರಿಂಗ್ ಹಿಡಿದು ಕುಳಿತೆ, ಅವರೆಲ್ಲ ಹಿಂದಿನಿಂದ ಒತ್ತಿದರು. ನನ್ನ ಜೀಪು ತನ್ನ ಚಕ್ರದ ಮೇಲೆ ತಾನೇ ಹೊರಬಂತು. ಅವರು ಕೂಗಿದ್ದು ಊರಿಗೆ ಕೇಳಿರಬೇಕು.

ಇಪ್ಪತ್ತಮೂರು ವರ್ಷ ಇದು ನನ್ನೊಬ್ಬಳ ದಾಖಲೆ ಎಂದುಕೊಂಡಿದ್ದೆ. ಈಗ ಎಲ್ಲರದ್ದು. ಎದೆ ಇನ್ನೂ ಉಬ್ಬಿಯೇ ಇದೆ.

ಆಗಸ್ಟ್ 22, ಗುರುವಾರ. ಬೆಳಿಗ್ಗೆ 5

ಎರಡು ದಿನದಿಂದ ಮಳೆ. ನಿನ್ನೆ ಅಲ್ವೀನಾಳ ಡಬ್ಬಿಯ ಕೆಂಪು ಬಾವುಟ, ಒಳಗಿಂದ ಏನೋ ಒಯ್ಯಬೇಕು ಎನ್ನುವ ಗುರುತು, ಮೇಲಿತ್ತು. ಒಳಗೆ ಒಂದು ಡಜನ್ ಮೊಟ್ಟೆ. ಪುಟ್ಟವು, ಕಂದು ಬಣ್ಣದವು, ಹಳೇ ಟವೆಲ್ಲಿನಲ್ಲಿ ಸುತ್ತಿದ್ದಳು. ಎರಡನ್ನು ಈಗ ಬಾಣಲೆಗೆ ಒಡೆದೆ. ಹಳದಿ ಎಂದರೆ ಹಳದಿ.

ಫೋನು. ಆರ್ಡೆಲ್.

"ಮಾರ್ಲಿಸ್... ಯಾರಿಗೂ ಹೇಳ್ಬೇಡ. ಹೊಳೆಯಿಂದ ಮನೆಗೆ ನಡ್ಕೊಂಡು ಬಂದೆ. ಟ್ರ್ಯಾಕ್ಟರು ಅಲ್ಲೇ ಹೂತೋಯ್ತು."

ನಗು ತಡೆದುಕೊಂಡೆ. "ಪಕ್ಕದೂರಿಂದ ದೊಡ್ಡ ಟ್ರ್ಯಾಕ್ಟರು, ಚೈನು ಕಳಿಸ್ಲಾ?"

ಮೊದಲು ಬೈಗುಳ, ಆಮೇಲೆ ಮಾತು.

"ಗುದ್ದಲಿ ತಾ."

ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಕೊಟ್ಟ ಮಾತು ಮಾತೇ. ಗುದ್ದಲಿ ಇರುವ ಉಳಿದ ಎಂಟು ಮನೆಗಳಿಗೆ ಮಾತ್ರ ಫೋನು ಮಾಡುತ್ತೇನೆ.